ಮೊದಲು ಅಣ್ಣನ ದನಿ ರೆಕಾರ್ಡ್ ಮಾಡಿಕೊಳ್ಳಿ

ನಿಮ್ಮ ಅಣ್ಣನಿಗೆ ಎಎಲ್‌ಎಸ್ ಎಂಬ ನರರೋಗ ಇದೆ ಎಂದು ಗೊತ್ತಾಗಿ ಮೂರು ತಿಂಗಳಾಗಿದೆ, ಈ ಕಾಯಿಲೆ ಜನಕ್ಕೆ ಅರ್ಥವಾಗುವ ಹಾಗೆ ಅವರ ಮೇಲೇ ಒಂದು ಡಾಕ್ಯುಮೆಂಟರಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ದನಿಯಿಂದ. ಇವತ್ತೇ. ಕ್ಯಾಮೆರಾ, ಸ್ಕ್ರಿಪ್ಟ್, ದುಡ್ಡು ಎಲ್ಲ ಆಮೇಲೆ.

ನನ್ನ ಅಪ್ಪನಿಗೂ ಇದೇ ಕಾಯಿಲೆ ಇತ್ತು. ಒಳ್ಳೆ ಕ್ಯಾಮೆರಾ ಸಿಗಲಿ ಎಂದು ನಾನು ಎರಡು ತಿಂಗಳು ಕಾದೆ. ಅದು ಕೈಗೆ ಬರುವಷ್ಟರಲ್ಲಿ ಅಪ್ಪನ ನಾಲಿಗೆ ತೊದಲುತ್ತಿತ್ತು. ಅವರು ನನ್ನನ್ನು ಸರಿಯಾಗಿ ಹೆಸರು ಹಿಡಿದು ಕರೆದ ದನಿ ಈಗ ಉಳಿದಿರುವುದು 11 ಸೆಕೆಂಡಿನ ಒಂದು ವಾಯ್ಸ್ ಮೆಸೇಜಿನಲ್ಲಿ ಮಾತ್ರ. ಅಣ್ಣ ಈಗ ಒಂದಷ್ಟು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಮಾತು ನಿಂತಾಗ ಕಂಪ್ಯೂಟರ್ ಅವರದೇ ದನಿಯ ಹೋಲಿಕೆಯಲ್ಲಿ ಮಾತಾಡುವ ಹಾಗೆ ಮಾಡಬಹುದು. ಇದಕ್ಕೆ ವಾಯ್ಸ್ ಬ್ಯಾಂಕಿಂಗ್ ಎನ್ನುತ್ತಾರೆ. ಸಿನಿಮಾಗಿಂತ ಇದು ಮುಖ್ಯ.

ಇನ್ನು ಸಿನಿಮಾ. ಈ ಕಾಯಿಲೆ ಎಂದ ಕೂಡಲೇ ಜನಕ್ಕೆ ನೆನಪಾಗುವುದು ವಿಜ್ಞಾನಿ ಸ್ಟೀಫನ್ ಹಾಕಿಂಗ್. 1963ರಲ್ಲಿ ಅವರಿಗೆ ಕಾಯಿಲೆ ಗೊತ್ತಾಯಿತು, 2018ರವರೆಗೆ ಬದುಕಿದ್ದರು. "ಅವರು ಅಷ್ಟು ವರ್ಷ ಇದ್ದರಲ್ವಾ" ಎಂದು ನಮಗೆ ಎಷ್ಟು ಜನ ಹೇಳಿದರೋ! ಆದರೆ ಲಕ್ಷಣ ಶುರುವಾದ ಮೇಲೆ ಹೆಚ್ಚಿನವರಿಗೆ ಸಿಗುವುದು 2ರಿಂದ 5 ವರ್ಷ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು. ವಾಸಿ ಮಾಡುವ ಔಷಧ ಇಲ್ಲ.

ಇದನ್ನೆಲ್ಲ ಡಾಕ್ಟರ ಬಾಯಲ್ಲಿ ಹೇಳಿಸಿದರೆ ಜನ ತಲೆಯಾಡಿಸಿ ಮರೆತುಬಿಡುತ್ತಾರೆ. ಅಪ್ಪನ ಮೇಲೆ ನಾವು ಮಾಡಿದ ಚಿತ್ರದಲ್ಲಿ ಅವರು ಅಂಗಿಯ ಒಂದು ಗುಂಡಿ ಹಾಕಿಕೊಳ್ಳುವ ದೃಶ್ಯ ಇದೆ. ನಾಲ್ಕು ನಿಮಿಷ, ಒಂದೂ ಕಟ್ ಇಲ್ಲ. ಹೆಬ್ಬೆರಳು ಜಾರುತ್ತದೆ, ಗುಂಡಿ ತೂತಿನ ಅಂಚಿಗೆ ಬಂದು ಹಿಂದಕ್ಕೆ ಹೋಗುತ್ತದೆ, ಅಮ್ಮನ ಕೈ ಸಹಾಯಕ್ಕೆ ಬಂದಾಗ ಅಪ್ಪ ಭುಜದಿಂದಲೇ ಬೇಡ ಎನ್ನುತ್ತಾರೆ. ಹಿನ್ನೆಲೆ ಸಂಗೀತ ಹಾಕು ಎಂದು ಹೇಳಿದವರಿದ್ದರು. ದಯವಿಟ್ಟು ಹಾಕಬೇಡಿ.

ಇನ್ನೊಂದು. ಅಣ್ಣ "ಜನರಿಗೆ" ಮಾತಾಡುವುದು ಬೇಡ, ಒಬ್ಬರಿಗೆ ಮಾತಾಡಲಿ. ಅಮೆರಿಕನ್ ಫುಟ್‌ಬಾಲ್ ಆಟಗಾರ ಸ್ಟೀವ್ ಗ್ಲೀಸನ್‌ಗೆ 2011ರಲ್ಲಿ ಈ ಕಾಯಿಲೆ ಗೊತ್ತಾಯಿತು. ಹೆಂಡತಿ ಬಸುರಿ ಎಂದು ತಿಳಿದಾಗ, ಇನ್ನೂ ಹುಟ್ಟದ ಮಗುವಿಗಾಗಿ ವಿಡಿಯೋ ಮಾಡಲು ಶುರು ಮಾಡಿದರು. 2016ರಲ್ಲಿ ಬಂದ ಡಾಕ್ಯುಮೆಂಟರಿ ಅದನ್ನೇ ಹಿಡಿದು ನಿಂತಿದೆ. ಅಪ್ಪ ಮಗುವಿಗೆ ಹೇಳುವ ಮಾತು ನಮ್ಮ ಕಿವಿಗೂ ಬೀಳುತ್ತದೆ, ಅದಕ್ಕೇ ಅದು ಅಷ್ಟು ತಟ್ಟುತ್ತದೆ.

ಒಪ್ಪಿಗೆಯನ್ನು ಒಂದೇ ಸಲ ಕೇಳಿ ಸುಮ್ಮನಾಗಬೇಡಿ, ಪ್ರತಿ ಸಲ ಕೇಳಿ. ಯಾವುದನ್ನು ತೋರಿಸಬಾರದು ಎಂದು ಈಗಲೇ ಬರೆದಿಡಿ. ಮಾತು ಹೋದ ಮೇಲೂ ಕಣ್ಣಿನ ಚಲನೆ ಸಾಮಾನ್ಯವಾಗಿ ಉಳಿಯುತ್ತದೆ. ಅಪ್ಪ ಕಣ್ಣನ್ನು ಬಲಕ್ಕೆ ತಿರುಗಿಸಿದರೆ ಕ್ಯಾಮೆರಾ ಬಂದ್, ಅದು ನಮ್ಮ ಒಪ್ಪಂದ. ಒಂದು ದಿನ ಒಳ್ಳೆ ದೃಶ್ಯ ಸಿಗುತ್ತಿತ್ತು ಎಂದು ನಾನು ಅರ್ಧ ನಿಮಿಷ ತಡ ಮಾಡಿದೆ. ಆ ತುಣುಕನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಚಿತ್ರದಲ್ಲಿ ಶುರುವಿನ ಲಕ್ಷಣಗಳನ್ನು ಮರೆಯದೆ ಹಾಕಿ. ನೋವಿಲ್ಲದೆ ಕೈ ಸೋಲುವುದು, ಸ್ನಾಯು ಸಣ್ಣಗಾಗುವುದು, ಚರ್ಮದಡಿ ಅದುರುವುದು. ಅಪ್ಪನಿಗೆ ಕತ್ತಿನ ಮೂಳೆ ಸವೆದಿದೆ ಎಂದು ಹತ್ತು ತಿಂಗಳು ಚಿಕಿತ್ಸೆ ನಡೆಯಿತು. ಇಂಥ ಲಕ್ಷಣ ಕಂಡರೆ ನರರೋಗ ತಜ್ಞರ ಹತ್ತಿರ ಬೇಗ ಹೋಗಬೇಕು ಎಂಬುದು ನೋಡುವವರಿಗೆ ಗೊತ್ತಾಗಲಿ.

ಚಿತ್ರೀಕರಣ ಬೆಳಗ್ಗೆ ಇಟ್ಟುಕೊಳ್ಳಿ, 20 ನಿಮಿಷಕ್ಕಿಂತ ಜಾಸ್ತಿ ಬೇಡ, ಅವರಿಗೆ ಬೇಗ ಸುಸ್ತಾಗುತ್ತದೆ. ದನಿಗೆ ಸದ್ಯ ಫೋನ್ ಸಾಕು. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಫೋನನ್ನು ಅವರ ಬಾಯಿಗೆ ಒಂದು ಗೇಣು ದೂರದಲ್ಲಿಟ್ಟು, ಮನೆಯವರೆಲ್ಲರ ಹೆಸರನ್ನು ಒಂದೊಂದಾಗಿ ಕರೆಯಲು ಹೇಳಿ.