ಕಾಡಿನ ಮೇಲೆ ಮನುಷ್ಯರ ಪರಿಣಾಮ ತಿಳಿಯಲು ಮೆಟಾ-ಅನಾಲಿಸಿಸ್ ಯಾಕೆ ಬೇಕು?

ಮರ ಕಡಿದ ಕಾಡಲ್ಲಿ ಜೀವಿಗಳು ಕಡಿಮೆಯಾದವು ಅಂತ ಒಂದು ಅಧ್ಯಯನ, ಆಗಿಲ್ಲ ಅಂತ ಇನ್ನೊಂದು. ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಒಂದನ್ನೇ ನಂಬಬೇಡಿ, ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿ. ಅದೇ ಮೆಟಾ-ಅನಾಲಿಸಿಸ್.

ನಮ್ಮ ಬೆಳಗಾವಿಯ ಖಾನಾಪುರ ಕಾಡನ್ನೇ ತಗೊಳ್ಳಿ. ಕೊಡಲಿ ಬೀಳದ ಕಡೆ 20 ಜಾತಿಯ ಹಕ್ಕಿ, ಕಡಿದ ಕಡೆ 14 ಸಿಕ್ಕವು ಎನ್ನೋಣ. ಅನುಪಾತ 0.7. ಬ್ರೆಜಿಲ್‌ನ ಜೀರುಂಡೆಗಳ ಲೆಕ್ಕವನ್ನೂ ಹೀಗೇ ಅನುಪಾತಕ್ಕಿಳಿಸಿದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದು. ಹೆಚ್ಚು ಜಾಗಗಳಲ್ಲಿ ಎಣಿಸಿದ, ಏರುಪೇರು ಕಡಿಮೆ ಇರುವ ಅಧ್ಯಯನಕ್ಕೆ ಹೆಚ್ಚು ತೂಕ.

2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು ಮೂಲ ಕಾಡನ್ನೂ ಮನುಷ್ಯರ ಕೈ ಬಿದ್ದ ಜಾಗಗಳನ್ನೂ ಹೋಲಿಸಿದ 138 ಅಧ್ಯಯನಗಳ 2,220 ಹೋಲಿಕೆಗಳನ್ನು ಕೂಡಿಸಿ ನೋಡಿತು. ಉಷ್ಣವಲಯದ ಮೂಲ ಕಾಡಿಗೆ ಬದಲಿಯೇ ಇಲ್ಲ ಎಂಬುದು ಅದರ ತೀರ್ಮಾನ. ಆಯ್ದ ಮರಗಳನ್ನಷ್ಟೇ ಕಡಿದಲ್ಲಿ ನಷ್ಟ, ಕಾಡನ್ನು ಹೊಲವಾಗಿಸುವಂಥ ಉಳಿದ ಬದಲಾವಣೆಗಳಿಗಿಂತ ಕಡಿಮೆ.

ಆದರೆ ಬರೀ ಜಾತಿಗಳ ಎಣಿಕೆ ದಾರಿ ತಪ್ಪಿಸುತ್ತದೆ. ದಟ್ಟ ಕಾಡಿನ ಮಂಗಟ್ಟೆ (ಹಾರ್ನ್‌ಬಿಲ್) ಹೋಗಿ ಊರಲ್ಲೂ ಕಾಣುವ ಮೈನಾ ಬಂದರೂ ಸಂಖ್ಯೆ ಅಷ್ಟೇ ಇರುತ್ತದಲ್ಲ! ಯಾವ ಜಾತಿ ಹೋಯಿತು ಅಂತ ಕೇಳಲೇಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಇನ್ನೊಂದು ಮಾತು: ಪರಿಣಾಮ ಕಾಣದ ಅಧ್ಯಯನಗಳು ಎಷ್ಟೋ ಸಲ ಪ್ರಕಟವೇ ಆಗುವುದಿಲ್ಲ, ಆಗ ಒಟ್ಟು ನಷ್ಟ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಬಹುದು; ಅದನ್ನೂ ಪರೀಕ್ಷಿಸಬೇಕು.