ಮುಳ್ಳು ಚುಚ್ಚಿದ ಜಾಗ ಬಿಳಿ ರಕ್ತಕಣಕ್ಕೆ ಹೇಗೆ ತಿಳಿಯುತ್ತದೆ?

ಪ್ರಶ್ನೆ: ಮೆಣಸಿನಕಾಯಿ ಹೊಲದ ಬದುವಿನಲ್ಲಿ ನಡೆಯುವಾಗ ಕಾಲಿನ ಹೆಬ್ಬೆರಳಿಗೆ ಬಳ್ಳಾರಿ ಜಾಲಿಯ ಮುಳ್ಳು ಮುರಿಯಿತು. ಮೂರನೆಯ ದಿನ ಕೀವು ತುಂಬಿತು. ಕೆಟ್ಟ ರಕ್ತವೇ ಕೀವಾಗಿದೆ ಎಂದರು ನಮ್ಮ ಅತ್ತೆ. ಬಿಳಿ ರಕ್ತಕಣಗಳು ಬಂದು ಹೋರಾಡಿವೆ ಎಂದಳು ಒಂಬತ್ತನೆಯ ತರಗತಿಯ ಮಗಳು. ಹಾಗಾದರೆ ಮುಳ್ಳು ಚುಚ್ಚಿದ್ದು ಇಲ್ಲಿಯೇ ಎಂದು ಅವಕ್ಕೆ ಹೇಳಿದವರು ಯಾರು?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಮಗಳು ಹೇಳಿದ್ದು ಸರಿ. ಅತ್ತೆಯವರದೂ ಪೂರ್ತಿ ತಪ್ಪಲ್ಲ, ಬಂದದ್ದು ರಕ್ತದಿಂದಲೇ. ‘ಕೆಟ್ಟ’ ಎಂಬ ಮಾತೊಂದನ್ನು ಹಿಂತೆಗೆದುಕೊಂಡರೆ ಸಾಕು. ಕೀವಿನಲ್ಲಿ ಬಹುಪಾಲು ಇರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು, ಹೋರಾಡಿ ಸತ್ತವು.

ಬಳ್ಳಾರಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಈ ಪಾಠಕ್ಕೆ ನಾನು ಜಾಲಿ ಮುಳ್ಳನ್ನೇ ಮೇಜಿನ ಮೇಲೆ ಇಡುತ್ತಿದ್ದೆ. (ಹೆಸರು ನಮ್ಮೂರಿನದು, ಗಿಡ ಮಾತ್ರ ಅಮೆರಿಕ ಖಂಡದಿಂದ ಬಂದದ್ದು.) ಕಾರಣವಿದೆ: ಈ ವಿಷಯ ಮೊದಲು ಹೊಳೆದದ್ದೂ ಒಂದು ಮುಳ್ಳಿನಿಂದಲೇ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿದ್ದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಮಲಗಿದರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. 1908ರ ನೊಬೆಲ್ ಪ್ರಶಸ್ತಿ ಅವರಿಗೂ ಪೌಲ್ ಎರ್ಲಿಕ್ ಅವರಿಗೂ ಹಂಚಿಕೆಯಾಯಿತು.

ಇನ್ನು ನಿಮ್ಮ ಹೆಬ್ಬೆರಳಿಗೆ ಬರೋಣ. ಮುಳ್ಳಿನೊಡನೆ ಒಳಹೊಕ್ಕ ಬ್ಯಾಕ್ಟೀರಿಯಾಗಳಿಂದ ಅವುಗಳದ್ದೇ ಗುರುತಿನ ಪ್ರೋಟೀನ್ ತುಣುಕುಗಳು ಹೊರಬೀಳುತ್ತವೆ. ಅಲ್ಲಿಯೇ ಬೀಡುಬಿಟ್ಟಿರುವ ಕಾವಲು ಕೋಶಗಳು ಇಂಟರ್‌ಲ್ಯೂಕಿನ್-8ರಂತಹ, ಬಿಳಿ ರಕ್ತಕಣಗಳನ್ನು ಕರೆಯುವ ರಾಸಾಯನಿಕಗಳಾದ ಕೀಮೋಕೈನ್‌ಗಳನ್ನು ಸುರಿಸುತ್ತವೆ. ಇವು ಮುಳ್ಳಿನ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಪಕ್ಕದ ಸಣ್ಣ ರಕ್ತನಾಳದ ಒಳಗೋಡೆಯೂ ಅಂಟಂಟಾಗುತ್ತದೆ. ರಕ್ತದಲ್ಲಿ ತೇಲಿಹೋಗುತ್ತಿದ್ದ ನ್ಯೂಟ್ರೋಫಿಲ್ ಅಲ್ಲಿ ಉರುಳುತ್ತಾ ನಿಧಾನವಾಗಿ, ಅಂಟಿ ನಿಂತು, ಗೋಡೆಯ ಸಂದಿನಲ್ಲಿ ತೂರಿ ಹೊರಬರುತ್ತದೆ. ಅಂದರೆ ಇಡೀ ಮೈಗೆ ಯಾರೂ ಡಂಗುರ ಸಾರಿಲ್ಲ. ಆ ದಾರಿಯಲ್ಲಿ ಹಾದುಹೋಗುತ್ತಿದ್ದವೇ ಇಳಿದುಕೊಂಡವು.

ಇಳಿದ ಮೇಲೆ ದಿಕ್ಕು? ಸಂಜೆ ಮಿರ್ಚಿ ಕರಿಯುವ ಬಂಡಿಯನ್ನು ಕಣ್ಣು ಮುಚ್ಚಿ ಹುಡುಕಬೇಕಾದರೆ ನಾವು ನಾಲ್ಕು ಹೆಜ್ಜೆ ನಡೆದು, ವಾಸನೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನೋಡುತ್ತೇವೆ. ಕರುಳಿನ ಇ. ಕೊಲೈ ಬ್ಯಾಕ್ಟೀರಿಯಾ ಮಾಡುವುದೂ ಹೀಗೆಯೇ. ನ್ಯೂಟ್ರೋಫಿಲ್‌ಗೆ ಆ ಅಲೆದಾಟ ಬೇಕಿಲ್ಲ. ಅದರ ಮೈಮೇಲೆಲ್ಲಾ ರಾಸಾಯನಿಕ ಹಿಡಿಯುವ ಗ್ರಾಹಕಗಳಿವೆ. ಒಂದು ಕೊನೆಗೆ ಎಷ್ಟು ತಗುಲಿತು, ಇನ್ನೊಂದು ಕೊನೆಗೆ ಎಷ್ಟು ಎಂದು ನಿಂತಲ್ಲಿಯೇ ತೂಗುತ್ತದೆ. ಕೋಶದ ಅಗಲ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಆ ಎರಡು ಕೊನೆಗಳ ನಡುವೆ ಶೇ 1–2ರಷ್ಟು ವ್ಯತ್ಯಾಸವಿದ್ದರೂ ಅದಕ್ಕೆ ಸಾಕು. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಈ ಲೆಕ್ಕವೇ. ಹೆಚ್ಚು ತಗುಲಿದ ಕಡೆ ಆಕ್ಟಿನ್ ಎಂಬ ಎಳೆಗಳು ಹೆಣೆದುಕೊಂಡು ಮುಂಭಾಗವನ್ನು ನೂಕುತ್ತವೆ, ಹಿಂಭಾಗವನ್ನು ಮಯೋಸಿನ್ ಎಂಬ ಪ್ರೋಟೀನ್ ಎಳೆದುಕೊಳ್ಳುತ್ತದೆ. ವೇಗ ಗಂಟೆಗೆ ಸುಮಾರು ಅರ್ಧ ಮಿಲಿಮೀಟರ್. ಹೆಬ್ಬೆರಳಿನೊಳಗಿನ ಪಯಣಕ್ಕೆ ಅದು ಕಡಿಮೆಯೇನಲ್ಲ.

ಮೊದಲು ತಲುಪಿದವು ಲ್ಯೂಕೋಟ್ರಯೀನ್ ಬಿ4 ಎಂಬ ವಸ್ತುವನ್ನು ಬಿಟ್ಟು ಉಳಿದವನ್ನು ಕರೆಯುತ್ತವೆ. ಅವು ಇನ್ನಷ್ಟನ್ನು ಕರೆಯುತ್ತವೆ. ಕೀವು ಅಷ್ಟು ಬೇಗ ತುಂಬುವುದಕ್ಕೆ ಇದೂ ಒಂದು ಕಾರಣ.

ಒಂದು ಮಾತು ಕೇಳದಿದ್ದರೂ ಹೇಳುತ್ತೇನೆ. ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಕೀವು ಒಣಗಿ ಮತ್ತೆ ಬರಬಹುದು. ಪಿನ್ನಿನಿಂದ ಕೆದಕದೆ ವೈದ್ಯರಲ್ಲಿ ತೆಗೆಸಿಕೊಳ್ಳಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದೂ ಕೇಳಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅವರನ್ನು ಬರಿಗಾಲಿನಲ್ಲಿ ಬದುವಿಗೆ ಕಳುಹಿಸಬೇಡಿ. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಈ ಕಣಗಳ ನಡಿಗೆಯೇ ಮಂದವಾಗುತ್ತದೆ.