ನಂಬಿಕೆ ಇಲ್ಲದೆ ಕೈ ಮುಗಿದರೆ ಸುಳ್ಳಲ್ವಾ?

ವರ್ಷಕ್ಕೆ ಎರಡು ಮೂರು ಸಲವಾದರೂ ಇಂಥವರು ಸಲಹೆ ಕೇಳಿಕೊಂಡು ನನ್ನ ಹತ್ತಿರ ಬರುತ್ತಾರೆ. ಓದಿದ ಮಗನೋ ಮಗಳೋ, ಪಕ್ಕದಲ್ಲಿ ಗಾಬರಿಬಿದ್ದ ತಾಯಿ. ‘ದೇವರಿಲ್ಲ ಅಂತಾನೆ, ಏನಾದ್ರೂ ಮಾಡಿ.’ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಅಂಥ ಒಬ್ಬ ತಾಯಿ, ಮಗನ ಕಥೆ. ಇಬ್ಬರೂ ಒಪ್ಪಿದ್ದಾರೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಮಂಡ್ಯ ಕಡೆಯವನು, ವಯಸ್ಸು 24. ಮೈಸೂರಲ್ಲಿ ಹಾಸ್ಟೆಲಿನಲ್ಲಿದ್ದು ಎಂಎಸ್ಸಿ ಮುಗಿಸಿದ್ದ. ಊರಲ್ಲಿ ಕಬ್ಬಿನ ಗದ್ದೆ, ಸ್ವಂತ ಆಲೆಮನೆ. ಅಪ್ಪ ತೀರಿಕೊಂಡು ಎರಡು ವರ್ಷ. ಈ ಸಲ ಮನೆದೇವರ ಹಬ್ಬಕ್ಕೆ ಬರಲ್ಲ ಅಂದಿದ್ದ. ತಾಯಿ ಶಾಸ್ತ್ರ ಕೇಳಿಸಿ, ತಾಯತ ಕಟ್ಟಿಸಿ, ಆಮೇಲೆ ನನ್ನ ಹತ್ತಿರ ಕರೆತಂದರು.

ಮೊದಲು ವಿಚಾರಿಸಿದ್ದು ನಿದ್ದೆ, ಊಟ, ಸಾಯುವ ಯೋಚನೆ ಬರುತ್ತಾ ಅನ್ನೋದನ್ನ. ‘ಯಾವುದಕ್ಕೂ ಅರ್ಥವಿಲ್ಲ’ ಅನ್ನೋ ಮಾತಿನ ಹಿಂದೆ ಖಿನ್ನತೆ ಇದ್ದರೆ ತತ್ವಶಾಸ್ತ್ರ ಬದಿಗಿಟ್ಟು ಮನೋವೈದ್ಯರ ಹತ್ತಿರ ಕಳಿಸಬೇಕು. ಇವನಿಗೆ ಅದಿರಲಿಲ್ಲ. ದೇವರನ್ನು ನಂಬದಿರೋದು ಕಾಯಿಲೆ ಅಲ್ಲ. ಅದನ್ನು ವಾಸಿ ಮಾಡೋಕೆ ನಾನು ಕೂತಿಲ್ಲ.

ಅವನು ಫ್ರೆಂಚ್ ತತ್ವಜ್ಞಾನಿ ಸಾರ್ತ್ರನನ್ನು ಓದಿಕೊಂಡಿದ್ದ. ಪ್ಯಾರಿಸ್ಸಿನಲ್ಲಿ 1945ರಲ್ಲಿ ಮಾಡಿದ ಭಾಷಣ, ಅದರಲ್ಲಿ ಬರುವ ‘ಇರವು ಮೊದಲು, ಸಾರ ಆಮೇಲೆ’ ಅನ್ನುವ ಮಾತು. ಸಾರ್ತ್ರ ಅಲ್ಲಿ ಕಾಗದ ಕತ್ತರಿಸುವ ಚಾಕುವಿನ ಉದಾಹರಣೆ ಕೊಡುತ್ತಾನೆ. ಆಲೆಮನೆಯವರಿಗೆ ಅದು ಯಾಕೆ? ಬೆಲ್ಲದ ಆಕಾರ ಅಚ್ಚಿನಲ್ಲಿ ಮೊದಲೇ ಇರುತ್ತೆ, ಪಾಕ ಹುಯ್ಯೋದು ಆಮೇಲೆ. ಮನುಷ್ಯನಿಗೆ ಅಂಥ ಅಚ್ಚಿಲ್ಲ. ಮೊದಲು ಹುಟ್ಟುತ್ತಾನೆ, ಆಮೇಲೆ ತಾನು ಮಾಡೋದರಿಂದ ತಾನಾಗುತ್ತಾನೆ. ಹುಡುಗ ಇದನ್ನು ಚೆನ್ನಾಗಿ ಹಿಡಿದಿದ್ದ. ಆದರೆ ಅದೇ ಭಾಷಣದಲ್ಲಿ ಸಾರ್ತ್ರ, ಹೀಗೆ ಯೋಚಿಸುವ ಅಸ್ತಿತ್ವವಾದಿಗಳಲ್ಲಿ ದೇವರನ್ನು ನಂಬುವ ಕ್ರೈಸ್ತರೂ ಇದ್ದಾರೆ, ನನ್ನಂಥ ನಾಸ್ತಿಕರೂ ಇದ್ದಾರೆ ಅಂತ ಹೇಳಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮೂರನೇ ಸಲ ತಾಯಿ ಮಗ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಹುಡುಗ ನೇರವಾಗಿ ಕೇಳಿದ: ‘ನಂಬಿಕೆ ಇಲ್ಲದೆ ಕೈ ಮುಗಿದರೆ ಅದು ಸುಳ್ಳಲ್ವಾ ಮೇಡಮ್? ಅವ್ವಂಗೆ ಇದೆಲ್ಲಾ ಹುಟ್ಟಿನಿಂದ ಬಂದಿದ್ದು. ಅವಳು ಯೋಚನೆ ಮಾಡಿದವಳಲ್ಲ.’

ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು. ಮಗನ ಕಡೆ ನೋಡದೆ ನನಗೇ ಹೇಳಿದರು: ‘ದೇವ್ರು ಅವ್ನೋ ಇಲ್ವೋ ನಾನೇನು ಕಂಡಿದ್ದೀನಾ ಮೇಡಮ್ಮೋರೆ. ಇವ್ರಪ್ಪ ಹೋದ್ಮೇಲೆ ಆರು ತಿಂಗ್ಳು ನಾನೂ ದೀಪ ಹಚ್ನಿಲ್ಲ. ಸಿಟ್ಟಿತ್ತು. ಆಮೇಲೆ ಒಂದಿನ ಸಂಜೆ ಹಚ್ದೆ. ಹಚ್ಚು ಅಂತ ಯಾರೂ ಹೇಳ್ನಿಲ್ಲ.’

ಹುಡುಗ ತಲೆಯೆತ್ತಿದ. ‘ಆರು ತಿಂಗ್ಳಾ?’

‘ನೀನು ಹಾಸ್ಟ್ಲಲ್ಲಿದ್ದೆ ಮಗ.’

ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾನೂ ಸುಮ್ನೆ ಕೂತೆ. ನನ್ನ ಕೆಲಸದಲ್ಲಿ ಇದೇ ಕಷ್ಟದ ಭಾಗ.

ಆಮೇಲೆ ಅವನಿಗೆ ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ ಬಗ್ಗೆ ಹೇಳಿದೆ. 1813ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದವನು, ಅಸ್ತಿತ್ವವಾದಕ್ಕೆ ಮೂಲಪುರುಷ ಅಂತ ಕರೆಸಿಕೊಂಡವನು, ಅಷ್ಟೇ ಗಟ್ಟಿ ಕ್ರೈಸ್ತ. ಕೊನೆಗಾಲದಲ್ಲಿ ತನ್ನ ದೇಶದ ಚರ್ಚಿನ ಮೇಲೇ ಯುದ್ಧಕ್ಕೆ ಬಿದ್ದ. ಇಲ್ಲಿ ಹುಟ್ಟಿದ್ದೇವೆ ಅನ್ನೋ ಕಾರಣಕ್ಕೇ ಎಲ್ಲರೂ ಕ್ರೈಸ್ತರಾಗಿಬಿಟ್ಟಿದ್ದಾರೆ ಅನ್ನೋದು ಅವನ ತಕರಾರು. ನಂಬಿಕೆ ಪಿತ್ರಾರ್ಜಿತ ಆಸ್ತಿಯಲ್ಲ, ಒಬ್ಬೊಬ್ಬರೂ ಭಯಪಡುತ್ತಲೇ ಒಂಟಿಯಾಗಿ ಆರಿಸಿಕೊಳ್ಳಬೇಕು ಅಂದ. ‘ನಿಮ್ಮವ್ವ ಆ ಸಂಜೆ ಮಾಡಿದ್ದು ಏನು, ನೀನೇ ಹೇಳು’ ಅಂದೆ. ಅವನು ಹೇಳಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಕೈ ಮುಗಿಯಬೇಡ, ಆದರೆ ಹಬ್ಬಕ್ಕೆ ಹೋಗು, ಕೆಲಸ ಮಾಡು. ಯಾಕೆ ಮುಗಿಯಲ್ಲ ಅನ್ನೋದನ್ನು ಯಾವ ಲೇಖಕನ ಹೆಸರೂ ಎತ್ತದೆ ಅವ್ವನಿಗೆ ನಿನ್ನ ಮಾತಲ್ಲೇ ಹೇಳು.

ಇದನ್ನು ಕೇಳಿದ ಪರಿಚಯದವರೊಬ್ಬರು ‘ಒಂದು ಸಲ ಕೈ ಮುಗಿದರೆ ಏನು ಗಂಟು ಹೋಗ್ತಿತ್ತು’ ಅಂದರು. ಇನ್ನೊಬ್ಬರು, ವಿಚಾರವಾದಿ, ‘ನೀವು ಹುಡುಗನನ್ನು ರಾಜಿ ಮಾಡಿಸಿದಿರಿ’ ಅಂದರು. ಇಬ್ಬರ ಮಾತೂ ನನಗೆ ಸರಿಕಾಣಲಿಲ್ಲ. ಸುಳ್ಳು ಕೈಮುಗಿಯುವಿಕೆ ಆ ತಾಯಿಗೂ ಅವಮಾನವೇ. ಸಾರ್ತ್ರನ ಆ ಭಾಷಣದಲ್ಲೇ ಒಬ್ಬ ವಿದ್ಯಾರ್ಥಿಯ ಕಥೆ ಬರುತ್ತೆ. ಅಣ್ಣ ಯುದ್ಧದಲ್ಲಿ ಸತ್ತಿದ್ದಾನೆ, ಒಂಟಿ ತಾಯಿಗೆ ಇವನೊಬ್ಬನೇ ಆಸರೆ. ತಾಯಿ ಹತ್ತಿರ ಉಳಿಯಲಾ, ಸೈನ್ಯ ಸೇರೋಕೆ ಇಂಗ್ಲೆಂಡಿಗೆ ಹೋಗಲಾ ಅಂತ ಕೇಳುತ್ತಾನೆ. ನೀನು ಸ್ವತಂತ್ರ, ನೀನೇ ಆರಿಸಿಕೋ ಅನ್ನುತ್ತಾನೆ ಸಾರ್ತ್ರ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ. ತೀರ್ಮಾನ ಅವರದೇ, ನಿಜ. ಆದರೆ ಆರಿಸೋ ಮೊದಲು ಎದುರಿಗಿರುವವರು ಯಾರು ಅಂತ ನೋಡಬೇಡವೇ? ಹುಡುಗ ಪುಸ್ತಕ ನೋಡಿದ್ದ, ಆರು ತಿಂಗಳ ಕತ್ತಲೆ ನೋಡಿರಲಿಲ್ಲ.

ಹಬ್ಬ ಮುಗಿದ ಮೇಲೆ ತಾಯಿ ಫೋನ್ ಮಾಡಿದ್ದರು. ಶಾಮಿಯಾನ ಕಟ್ಟಿಸಿದ, ನೂರು ಜನಕ್ಕೆ ಮುದ್ದೆ ಬಡಿಸಿದ, ಮಂಗಳಾರತಿ ಹೊತ್ತಿಗೆ ಮಾತ್ರ ಆಚೆ ಹೋಗಿ ನಿಂತ ಅಂದರು. ‘ಮುಂದಿನ ವರ್ಷನಾದ್ರೂ ಒಳಗೆ ಬತ್ತಾನಾ ಮೇಡಮ್ಮೋರೆ?’

ಗೊತ್ತಿಲ್ಲಮ್ಮ ಅಂದೆ.